ವ್ಯಸನಮುಕ್ತರೂ ಸಂಶೋಧನೆಯೂ

ಪಾನನಿರೋಧದ ಪ್ರಶ್ನೆಯು ನಮ್ಮ ಸೀಮೆಗೆ ಹೊಸದಲ್ಲ. ಅಸಹಕಾರದ ಚಳವಳಿಯ ಕಾಲದಲ್ಲಿ, 1921ನೆಯ ಇಸವಿಯ ಜುಲೈ 1ರಂದು, ಧಾರವಾಡದ ಸಾರಾಯಿ ಅಂಗಡಿಯ ಮುಂದೆ ನಡೆದ ಪಿಕೆಟಿಂಗಿನ ಪ್ರಸಂಗದಲ್ಲಿ ಪೋಲೀಸರ ಗುಂಡಿಗೆ ಮೂವರು ಬಲಿಯಾದರು. ಹಾವೇರಿ, ರಾಣಿಬೆನ್ನೂರು, ಬ್ಯಾಡಗಿಗಳು ಆಗ ಧಾರವಾಡ ಜಿಲ್ಲೆಗೇ ಸೇರಿದ್ದವು. ಹಾವೇರಿಯು ಪ್ರತ್ಯೇಕ ಜಿಲ್ಲೆಯಾದದ್ದು 1997ರಲ್ಲಿ. ಆ ಬಲಿದಾನದ ತರುವಾಯ 1949ರ ಮುಂಬಯಿ ಪಾನನಿರೋಧದ ಕಾಯಿದೆ ಬಂದಿತು. 1967ರಲ್ಲಿ ಮೈಸೂರು ರಾಜ್ಯದ ನಿರೋಧವು ಸಡಿಲಾಯಿತು. 2007ರ ಜುಲೈ 1ರಿಂದ ಸಾರಾಯಿಯು ಮತ್ತೆ ನಿಷಿದ್ಧವಾಯಿತು. ಅಂಗಡಿಯ ಬಾಗಿಲು ಕಾಯಿದೆಯಿಂದ ಮುಚ್ಚಿದ್ದೂ ಉಂಟು, ತೆರೆದದ್ದೂ ಉಂಟು. ಆದರೆ ವ್ಯಸನಕ್ಕೆ ಸಿಕ್ಕವನು ಅದರಿಂದ ಹೇಗೆ ಬಿಡುಗಡೆ ಹೊಂದುತ್ತಾನೆ, ಬಿಡುಗಡೆ ಹೊಂದಿದವನು ಮತ್ತೆ ಏಕೆ ಬೀಳುತ್ತಾನೆ ಎಂಬ ಮೂಲಪ್ರಶ್ನೆಯು ಈ ಎಲ್ಲ ಕಾಯಿದೆಗಳ ಆಚೆಗೇ ಉಳಿದಿದೆ.

ಕೇಂದ್ರ ಸರಕಾರದ ಸಾಮಾಜಿಕ ನ್ಯಾಯ ಖಾತೆಯು 2019ರಲ್ಲಿ ಪ್ರಕಟಿಸಿದ ರಾಷ್ಟ್ರೀಯ ಸಮೀಕ್ಷೆಯ ಮೇರೆಗೆ, ಮದ್ಯದಿಂದ ಕೆಟ್ಟು ನೆರವು ಬೇಕಾದವರು ದೇಶದಲ್ಲಿ 5.7 ಕೋಟಿ ಜನರು. ಮದ್ಯಕ್ಕೆ ಅಧೀನರಾದ 38 ಜನರಲ್ಲಿ ಒಬ್ಬನು ಮಾತ್ರವೇ ತನಗೆ ಏನಾದರೊಂದು ಚಿಕಿತ್ಸೆ ದೊರೆತಿದೆಯೆಂದು ಹೇಳಿದನಂತೆ. ಇತ್ತ ನಮ್ಮ ರಾಜ್ಯ ಸರಕಾರವು 2025-26ರ ಆಯವ್ಯಯದಲ್ಲಿ ಅಬಕಾರಿಯಿಂದ 40,000 ಕೋಟಿ ರೂಪಾಯಿಗಳ ಆದಾಯವನ್ನು ಗುರಿಯಾಗಿ ಇಟ್ಟುಕೊಂಡಿತು. ಮಾರಾಟವಾದ ಸೀಸೆಯ ಲೆಕ್ಕವು ಸರಕಾರಕ್ಕೆ ತಪ್ಪದೆ ಮುಟ್ಟುತ್ತದೆ. ಸೀಸೆಯನ್ನು ಕೆಳಗಿಟ್ಟವನ ಲೆಕ್ಕವನ್ನು ಅಷ್ಟೇ ನಿಷ್ಠೆಯಿಂದ ಬರೆದಿಡುವ ಏರ್ಪಾಡು ಎಲ್ಲಿದೆ?

ವೈದ್ಯರ ಕೊರತೆಯಿರುವಲ್ಲಿ ಈ ಸೇವೆಯ ಭಾರವನ್ನು ಹೊತ್ತವರು ಬಹುಮಟ್ಟಿಗೆ ಕುಡಿತವನ್ನು ತಾವೇ ಗೆದ್ದುಬಂದವರು. 1935ರಲ್ಲಿ ಅಮೇರಿಕದ ಆಕ್ರನ್ ನಗರದಲ್ಲಿ ಇಬ್ಬರು ಪಾನವ್ಯಸನಿಗಳು ಪರಸ್ಪರರ ಕೈಹಿಡಿದುದರಿಂದ ಹುಟ್ಟಿದ ಸಂಘವು ಇಂದು ಜಗತ್ತಿನಲ್ಲೆಲ್ಲ ಹಬ್ಬಿದೆ. ನಮ್ಮಲ್ಲಿ ಶ್ರೀ ಕ್ಷೇತ್ರ ಧರ್ಮಸ್ಥಳದ ಆಶ್ರಯದಲ್ಲಿ ಜನಜಾಗೃತಿ ವೇದಿಕೆಯವರು ಮದ್ಯವರ್ಜನ ಶಿಬಿರಗಳನ್ನು ನಡೆಸುತ್ತಾರೆ. ಅಲ್ಲಿ ಕುಡಿತ ಬಿಟ್ಟವರು ನವಜೀವನ ಸಮಿತಿಗಳಲ್ಲಿ ಕೂಡಿ ಒಬ್ಬರನ್ನೊಬ್ಬರು ಕಾಯುತ್ತಾರೆ. ಇಂಥವರನ್ನು ಜೊತೆಗಾರ ಸೇವಕರೆಂದು ಕರೆದರೆ ಸಲ್ಲುವುದು. ವೈದ್ಯರ ಮುಂದೆ ಬಾಯಿ ಬಿಡದ ರೋಗಿಯು ಇವರ ಮುಂದೆ ಮನಸ್ಸು ಬಿಚ್ಚುತ್ತಾನೆ. ಬಾಗಿಲು ಹಾಕಿಕೊಂಡ ಮನೆಯವರು ಇವರನ್ನು ಒಳಕ್ಕೆ ಕರೆಯುತ್ತಾರೆ.

ಆದರೆ ಇಂಥ ಸೇವಕರಿಂದ ನಾವು ಪಡೆಯುತ್ತಿರುವ ಪ್ರಯೋಜನವೇನು? ವೇದಿಕೆಯ ಮೇಲೆ ನಿಲ್ಲಿಸಿ, ಹಾರ ಹಾಕಿ, ಅವರವರ ಕಥೆಯನ್ನು ಹೇಳಿಸುತ್ತೇವೆ. ನೂರಾರು ಮನೆಗಳನ್ನು ಕಂಡು ಅವರು ಗಳಿಸಿದ ತಿಳಿವಳಿಕೆಯನ್ನು ಕೇಳುವವರೂ ಇಲ್ಲ, ಬರೆದಿಡುವವರೂ ಇಲ್ಲ. ಈ ಸೇವಕರಿಗೆ ಸಂಶೋಧನೆಯ ಕ್ರಮವನ್ನು ಕಲಿಸಬೇಕೆಂಬುದೇ ನಮ್ಮ ಸೂಚನೆಯಾಗಿದೆ.

ಸಂಶೋಧನೆಯೆಂದೊಡನೆ ಬೆದರಬೇಕಾದ ಕಾರಣವಿಲ್ಲ. ಒಂದೇ ಪ್ರಶ್ನೆಯನ್ನು ಎಲ್ಲರಿಗೂ ಒಂದೇ ರೀತಿಯಿಂದ ಕೇಳುವುದು. ಉತ್ತರವನ್ನು ಬಾಯಿಗೆ ತುರುಕದಿರುವುದು. ಕಂಡದ್ದನ್ನು ಕೇಳಿದ್ದರಿಂದ ಬೇರ್ಪಡಿಸುವುದು. ತಿಂಗಳಿಗೆ, ಆರು ತಿಂಗಳಿಗೆ, ವರ್ಷಕ್ಕೆ ಅದೇ ಮನೆಗೆ ಮರಳಿ ಹೋಗುವುದು. ಎಲ್ಲಕ್ಕಿಂತ ಮುಖ್ಯವಾಗಿ, ಸಭೆಗೆ ಬಾರದೆ ಹೋದವನನ್ನು ಲೆಕ್ಕದಿಂದ ಬಿಡದಿರುವುದು. ಸಭೆಗೆ ಬಂದವರನ್ನಷ್ಟೇ ಎಣಿಸಿದರೆ ಎಲ್ಲರೂ ಗುಣ ಹೊಂದಿದಂತೆ ತೋರುವುದು ಸಹಜವೇ ಅಲ್ಲವೆ?

ನಮ್ಮ ಮೂರು ಊರುಗಳಲ್ಲಿಯೇ ಕೇಳತಕ್ಕ ಪ್ರಶ್ನೆಗಳು ಎಷ್ಟೋ ಇವೆ. ಬ್ಯಾಡಗಿಯ ಮೆಣಸಿನಕಾಯಿ ಪೇಟೆಯಲ್ಲಿ ಸೋಮವಾರ, ಗುರುವಾರ ವ್ಯಾಪಾರ ನಡೆಯುತ್ತದೆ. ಕೂಲಿ ಕೈಗೆ ಬಂದ ಸಂಜೆಯೇ ಹಮಾಲನ ವ್ರತಕ್ಕೆ ಭಂಗ ಬರುವುದೋ, ಪೇಟೆ ತಣ್ಣಗಾಗಿ ಕೆಲಸವಿಲ್ಲದ ತಿಂಗಳುಗಳಲ್ಲಿಯೋ? ರಾಣಿಬೆನ್ನೂರಿನ ಸುತ್ತಲಿನ ರೈತನು ಮರಳಿ ಕುಡಿಯತೊಡಗುವುದು ಬೆಳೆ ಕೈಕೊಟ್ಟಾಗಲೋ, ಬಂದ ಬೆಳೆಯ ಹಣ ಕೈಸೇರಿದಾಗಲೋ? ಹಾವೇರಿಯ ಹೆದ್ದಾರಿಯ ಲಾರಿ ಚಾಲಕನಿಗೆ ಸಂಜೆಯ ಸಭೆಯು ಉಪಯೋಗಕ್ಕೆ ಬರುವುದೆ? ಇವುಗಳಿಗೆ ಉತ್ತರವು ಬೆಂಗಳೂರಿನಲ್ಲಿ ಕುಳಿತವರಿಗೆ ಸಿಕ್ಕಲಾರದು. ಉತ್ತರ ಸಿಕ್ಕಿದರೆ ಮಾತ್ರ ಯಾವ ದಿನ, ಯಾರ ಮನೆಗೆ, ಯಾವ ನೆರವು ಹೋಗಬೇಕೆಂಬುದು ನಿಶ್ಚಯವಾಗುವುದು.

ಈ ಜನರು ಪಂಡಿತರಲ್ಲ, ಪಕ್ಷಪಾತಿಗಳು ಎಂದು ಕೆಲವರು ಆಕ್ಷೇಪಿಸಬಹುದು. ತನಗೆ ಗುಣಕೊಟ್ಟ ಉಪಾಯವೇ ಎಲ್ಲರಿಗೂ ಮದ್ದು ಎಂದು ನಂಬುವ ಅಪಾಯವು ಇವರಲ್ಲಿ ಇದ್ದೇ ಇದೆ. ಬಹುಕಾಲದ ಕುಡಿತವನ್ನು ಥಟ್ಟನೆ ನಿಲ್ಲಿಸಿದರೆ ಕೆಲವರಿಗೆ ಸೆಳವು, ಚಿತ್ತಭ್ರಮೆಗಳುಂಟಾಗಿ ಪ್ರಾಣಕ್ಕೇ ಸಂಚಕಾರ ಬರುವುದೆಂದು ವೈದ್ಯಶಾಸ್ತ್ರವು ಹೇಳುತ್ತದೆ. ಅಂಥಲ್ಲಿ ಕೇವಲ ಸ್ವಾನುಭವವು ಸಾಲದು. ಆದರೆ ಈ ದೋಷಕ್ಕೆ ಔಷಧವು ಸಂಶೋಧನೆಯ ಶಿಕ್ಷಣವೇ ಆಗಿದೆ. ಗೋವೆಯ ಹತ್ತು ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ, ವೈದ್ಯರಲ್ಲದ ಸಲಹೆಗಾರರಿಗೆ ತರಬೇತಿ ಕೊಟ್ಟು ನಡೆಸಿದ ಪ್ರಯೋಗವು 2017ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟವಾಯಿತು. ಮೂರು ತಿಂಗಳ ತರುವಾಯ, ಸಲಹೆ ಪಡೆದವರಲ್ಲಿ ನೂರಕ್ಕೆ 36 ಜನರೂ ಪಡೆಯದವರಲ್ಲಿ 26 ಜನರೂ ಅಪಾಯಕರ ಕುಡಿತದಿಂದ ಪಾರಾಗಿದ್ದರು. ಈ ಹತ್ತರ ಅಂತರವು ತಿಳಿದುಬಂದದ್ದು, ಪಾರಾಗದವರನ್ನೂ ಮರೆಮಾಚದೆ ಎಣಿಸಿದ್ದರಿಂದ.

ಎರಡು ಎಚ್ಚರಿಕೆಗಳು ಅವಶ್ಯ. ಮೊದಲನೆಯದು ಗೋಪ್ಯ. 2017ರ ಮಾನಸಿಕ ಆರೋಗ್ಯ ಕಾಯಿದೆಯು ಮದ್ಯ ಹಾಗೂ ಮಾದಕಗಳಿಂದಾದ ಮನೋವಿಕಾರಗಳನ್ನೂ ಒಳಗೊಂಡು, ರೋಗಿಯ ಸಂಗತಿಗಳನ್ನು ಹೊರಗೆಡಹಬಾರದೆಂದು ವಿಧಿಸಿದೆ. ಚಿಕ್ಕ ಊರಿನಲ್ಲಿ ಹೆಸರು ಬರೆಯದಿದ್ದರೂ ಓಣಿಯ ಗುರುತಿನಿಂದಲೇ ಮನುಷ್ಯನು ತಿಳಿದುಹೋಗುತ್ತಾನೆ. ಆದ್ದರಿಂದ ವಹಿಯಲ್ಲಿ ಏನು ಬರೆಯಬೇಕು, ಏನು ಬರೆಯಬಾರದು ಎಂಬುದೇ ಶಿಕ್ಷಣದ ಮೊದಲ ಪಾಠವಾಗತಕ್ಕದ್ದು. ಎರಡನೆಯದು ಗೌರವ. ಸೇವಕನನ್ನು ಬರಿಯ ಎಣಿಕೆಗಾರನನ್ನಾಗಿ ದುಡಿಸಿಕೊಂಡು, ಫಲವನ್ನು ಅನ್ಯರ ಹೆಸರಿನಲ್ಲಿ ಅಚ್ಚು ಹಾಕುವುದು ಅನ್ಯಾಯ. ಪ್ರಶ್ನೆಯನ್ನು ಆರಿಸುವಲ್ಲಿ ಅವನ ಮಾತು ನಡೆಯಬೇಕು. ದುಡಿದ ದಿನಕ್ಕೆ ವೇತನ ಸಲ್ಲಬೇಕು. ಕಂಡುಕೊಂಡದ್ದು ಕನ್ನಡದಲ್ಲಿ ಬರೆಯಲ್ಪಟ್ಟು ಅವನ ಕೈಗೆ ಮರಳಿ ಬರಬೇಕು.

ಸಾಧನಗಳು ದೂರದಲ್ಲಿಲ್ಲ. ಧಾರವಾಡದಲ್ಲಿ ಮಾನಸಿಕ ಆರೋಗ್ಯ ಮತ್ತು ನರವಿಜ್ಞಾನ ಸಂಸ್ಥೆ ಇದೆ; ಹಾವೇರಿಯಲ್ಲಿ ಜಿಲ್ಲಾ ಆಸ್ಪತ್ರೆಯಿದೆ; ಗೊಟಗೋಡಿಯಲ್ಲಿ 2011ರಲ್ಲಿ ಸ್ಥಾಪಿತವಾದ ಜಾನಪದ ವಿಶ್ವವಿದ್ಯಾಲಯವಿದೆ. ಜನರ ಬಾಯಿಂದ ಬಂದುದನ್ನು ಕೆಡಿಸದೆ ಬರೆದುಕೊಳ್ಳುವ ವಿದ್ಯೆಯನ್ನು ಜಾನಪದ ಪಂಡಿತರಿಗಿಂತ ಚೆನ್ನಾಗಿ ಕಲಿಸುವವರಾರು? ಜಿಲ್ಲಾಡಳಿತವು ಈ ಮೂವರನ್ನು ಒಂದೆಡೆ ಕೂಡಿಸಿ, ಮೂರು ಊರುಗಳಿಂದ ಹತ್ತು ಹತ್ತು ಸೇವಕರನ್ನು ಆರಿಸಿ, ಒಂದು ವರ್ಷದ ಪ್ರಯೋಗವನ್ನು ಕೈಕೊಳ್ಳಲಿ. ಪೇಟೆಯ ವರ್ತಕರು ಧನಸಹಾಯಕ್ಕೆ ಹಿಂಜರಿಯದಿರಲಿ. ವ್ಯಸನದಿಂದ ಎದ್ದುಬಂದವನ ಕೈಗೆ ಹಾರವನ್ನು ನಾವು ಬಹಳ ದಿನ ಕೊಟ್ಟೆವು. ಇನ್ನು ಲೇಖನಿಯನ್ನೂ ವಹಿಯನ್ನೂ ಕೊಡುವುದು ಅಧಿಕಾರಿಗಳ ಹಾಗೂ ಮಹಾಜನರ ಕರ್ತವ್ಯವಾಗಿದೆ.