ನೈಸರ್ಗಿಕ ಸಂಪನ್ಮೂಲಗಳ ಪಾಠವನ್ನು ನಮ್ಮ ನೆಲದಲ್ಲೇ ಕಲಿಸುವಂತೆ ಕೋರಿ ಮನವಿ

ಕೊಯಮತ್ತೂರು ಮತ್ತು ತಿರುಪ್ಪೂರು ಜಿಲ್ಲೆಗಳ ಮಾನ್ಯ ಜಿಲ್ಲಾಧಿಕಾರಿಗಳ ಸನ್ನಿಧಿಗೆ,
ಎರಡೂ ಜಿಲ್ಲೆಗಳ ಕನ್ನಡ ಮನೆಮಾತಿನ ಪಾಲಕರು ಸಲ್ಲಿಸುವ ಮನವಿ.

ಮಾನ್ಯರೇ,

ನಾವು ತಲೆಮಾರುಗಳಿಂದ ಇಲ್ಲಿ ನೆಲೆಸಿದವರು. ನಮ್ಮಲ್ಲಿ ಮಗ್ಗದವರಿದ್ದಾರೆ, ಬೇಸಾಯಗಾರರಿದ್ದಾರೆ, ಬನಿಯನ್ ಕಾರ್ಖಾನೆಗಳಲ್ಲಿ ದುಡಿಯುವವರಿದ್ದಾರೆ. ನಮ್ಮ ಮಕ್ಕಳು ಶಾಲೆಯಲ್ಲಿ ತಮಿಳು ಓದಿ, ಮನೆಯಲ್ಲಿ ಕನ್ನಡ ಆಡುತ್ತಾರೆ. ಅವರ ಒಂದೇ ಒಂದು ಪಾಠದ ಬಗ್ಗೆ ಈ ಮನವಿ.

ಕಳೆದ ಬೇಸಿಗೆಯಲ್ಲಿ ಅವಿನಾಶಿ ಕಡೆ ನಮ್ಮಲ್ಲೊಬ್ಬರ ತೋಟದಲ್ಲಿ ಬೋರ್‌ವೆಲ್ ಕೊರೆಸಿದರು. ಸಾವಿರ ಅಡಿ ದಾಟಿದರೂ ಮೇಲೆ ಬಂದದ್ದು ಬೂದುಬಣ್ಣದ ಕಲ್ಲಿನ ಪುಡಿ. ಆರನೆಯ ತರಗತಿಯ ಮಗಳು ಲಾರಿಯ ದೀಪದ ಬೆಳಕಿನಲ್ಲಿ ನಡುರಾತ್ರಿಯವರೆಗೆ ಅಪ್ಪನ ಪಕ್ಕ ನಿಂತಿದ್ದಳು. ಬೆಳಗ್ಗೆ ಎದ್ದು ತೆಂಗಿನ ಸಸಿಯ ಗರಿಗಳ ಮೇಲೆ ಕೂತಿದ್ದ ಆ ಪುಡಿಯನ್ನು ಬೆರಳಿನಿಂದ ಒರೆಸಿದಳು. ಮುಂದೆ ಪರೀಕ್ಷೆಯಲ್ಲಿ ಮುಗಿದುಹೋಗುವ ಸಂಪನ್ಮೂಲಗಳ ಪಟ್ಟಿಗೆ ಕಲ್ಲಿದ್ದಲು, ಪೆಟ್ರೋಲುಗಳ ಜತೆ ನೀರನ್ನೂ ಸೇರಿಸಿದಳು. ಕೆಂಪು ಶಾಯಿಯ ಗೀಟು ಬಿತ್ತು. ಶಿಕ್ಷಕರನ್ನು ನಾವು ದೂರುತ್ತಿಲ್ಲ, ಅವರು ಪಾಠದಲ್ಲಿದ್ದಂತೆ ತಿದ್ದಿದ್ದಾರೆ. ಆದರೆ ಆ ಮಗು ಕಣ್ಣಾರೆ ಕಂಡದ್ದನ್ನೇ ಬರೆದಿತ್ತು.

ನಮ್ಮದು ಗಟ್ಟಿ ಬಂಡೆಯ ನೆಲ, ಪಶ್ಚಿಮಘಟ್ಟದ ಮಳೆನೆರಳಿನ ಸೀಮೆ. ತೆರೆದ ಬಾವಿಯ ನೀರು ಒಳ್ಳೆಯ ಮಳೆ ಬಂದರೆ ಮತ್ತೆ ಏರುತ್ತದೆ. ಬಂಡೆಯ ಬಿರುಕಿನಲ್ಲಿ ಅಷ್ಟು ಆಳಕ್ಕೆ ಇಳಿದು ನಿಂತ ನೀರು ಹಾಗಲ್ಲ, ಬತ್ತಿಸಿದರೆ ನಮ್ಮ ಮಕ್ಕಳ ಕಾಲಕ್ಕೆ ತುಂಬುವ ಭರವಸೆಯಿಲ್ಲ. ವೆಳ್ಳಿಯಂಗಿರಿ ಬೆಟ್ಟಗಳಲ್ಲಿ ಹುಟ್ಟುವ ನೊಯ್ಯಲ್ ಹೊಳೆಯೂ ಪುಸ್ತಕದ ಲೆಕ್ಕದಲ್ಲಿ ಮುಗಿಯದ ಸಂಪತ್ತೇ. ಅದಕ್ಕೆ ನೀರಾವರಿಗೆಂದು 1992ರಲ್ಲಿ ಕಟ್ಟಿದ ಒರತ್ತುಪಾಳಯಂ ಅಣೆಕಟ್ಟಿನಲ್ಲಿ ಬಟ್ಟೆಗೆ ಬಣ್ಣ ಹಾಕುವ ಘಟಕಗಳ ಕೊಳಕು ನಿಂತು, ನೀರು ಬಿಡಬೇಡಿ ಎಂದು ಕೆಳಗಿನ ರೈತರೇ ಬೇಡುವಂತಾಯಿತು. 2011ರ ಜನವರಿಯಲ್ಲಿ ಮದ್ರಾಸ್ ಹೈಕೋರ್ಟಿನ ಆದೇಶದಂತೆ ತಿರುಪ್ಪೂರಿನ ಆ ಘಟಕಗಳು ಮುಚ್ಚಿದಾಗ ನಮ್ಮ ಎಷ್ಟೋ ಮನೆಗಳ ಕೂಲಿ ನಿಂತಿತು. ಪಾಠದಲ್ಲಿ ಇದೂ ಬರಲಿ. ತಡಾಗಂ ಕಣಿವೆಯ ಕೆಮ್ಮಣ್ಣು ಇಟ್ಟಿಗೆಯಾಗಿ ಹೋದ ಕಥೆಯೂ ಬರಲಿ. 2021ರಲ್ಲಿ ಗೂಡುಗಳನ್ನು ಮುಚ್ಚಿಸಿದರೂ ಹೋದ ಮಣ್ಣು ಹೋಯಿತು.

ಹೆಮ್ಮೆಯಿಂದ ಹೇಳಬೇಕಾದದ್ದೂ ಇದೆ. ಮೇಟ್ಟುಪಾಳಯಂ ಬಳಿಯ ಓಡಂತುರೈ ಗ್ರಾಮ ಪಂಚಾಯಿತಿ 2006ರಲ್ಲಿ ಬ್ಯಾಂಕಿನ ಸಾಲ ಸೇರಿಸಿ 350 ಕಿಲೋವಾಟಿನ ಗಾಳಿಯಂತ್ರ ಕೊಂಡಿತು. ಯಂತ್ರ ನಿಲ್ಲಿಸಿದ್ದು ತನ್ನೂರಲ್ಲಲ್ಲ, ಪಾಲಕ್ಕಾಡು ಕಣಿವೆಯ ಗಾಳಿ ಆಷಾಢದಲ್ಲಿ ನುಗ್ಗುವ ಉಡುಮಲೈ ಬಳಿಯ ಮೈವಾಡಿಯಲ್ಲಿ. ಊರಿನ ಬಳಕೆ ಕಳೆದು ಮಿಕ್ಕ ವಿದ್ಯುತ್ತನ್ನು ಮಂಡಳಿಗೆ ಮಾರಿತು. ಎರಡೂ ಜಿಲ್ಲೆಗಳಿಗೆ ಸೇರಿದ ಇಂಥ ಪಾಠ ಕೈಗೆಟಕುವಂತಿರುವಾಗ, ಮಕ್ಕಳು ಗಾಳಿಯಂತ್ರವನ್ನು ಚಿತ್ರದಲ್ಲಿ ಮಾತ್ರ ಏಕೆ ನೋಡಬೇಕು?

ಆದ್ದರಿಂದ ಆರರಿಂದ ಎಂಟನೆಯ ತರಗತಿಯ ಮಕ್ಕಳನ್ನು ವರ್ಷಕ್ಕೊಮ್ಮೆ ಸರ್ಕಾರಿ ಖರ್ಚಿನಲ್ಲಿ ನೊಯ್ಯಲ್ ದಂಡೆಗೆ, ಬಣ್ಣದ ನೀರನ್ನು ಶುದ್ಧೀಕರಿಸುವ ಘಟಕಕ್ಕೆ, ಮೈವಾಡಿಗೆ ಕರೆದೊಯ್ಯಲು ಆದೇಶಿಸಬೇಕು. ಶುದ್ಧೀಕರಣದ ಕೊನೆಗೆ ಉಳಿಯುವ ಉಪ್ಪಿನ ರಾಶಿಯನ್ನೂ ತೋರಿಸಬೇಕು, ಮರೆಮಾಡಬಾರದು. ಪ್ರತಿ ಶಾಲೆಗೆ ಹತ್ತಿರದ ಒಂದು ತೆರೆದ ಬಾವಿಯನ್ನು ಗೊತ್ತುಮಾಡಿ, ಮಕ್ಕಳೇ ತಿಂಗಳಿಗೊಮ್ಮೆ ಹಗ್ಗ ಇಳಿಸಿ ನೀರಿನ ಮಟ್ಟ ಅಳೆದು ದಾಖಲೆ ಪುಸ್ತಕದಲ್ಲಿ ಬರೆಯುವಂತಾಗಲಿ. ಬಾವಿಗೆ ಕಟ್ಟೆ, ಜಾಲರಿ, ಜತೆಗೊಬ್ಬರು ಹಿರಿಯರು ಕಡ್ಡಾಯ. ನೀರು, ಮಣ್ಣು, ಕಾಡುಗಳನ್ನು ಬಳಕೆಯ ವೇಗ ಮೀರಿದರೆ ಮುಗಿಯುವಂಥವು ಎಂದು ಬೇರೆಯಾಗಿಯೇ ಕಲಿಸುವಂತೆ, ಹಾಗೆ ಕಾರಣ ಕೊಟ್ಟು ಬರೆದ ಉತ್ತರಕ್ಕೆ ಅಂಕ ಕೊಡುವಂತೆ ಶಿಕ್ಷಕರಿಗೆ ಸುತ್ತೋಲೆ ಹೋಗಬೇಕು.

ಭಾಷೆಯ ವಿಷಯದಲ್ಲಿ ನಮ್ಮದು ಸಣ್ಣ ಕೋರಿಕೆ. ತಮಿಳು ಪಾಠ ತಮಿಳಿನಲ್ಲೇ ಇರಲಿ. ಕ್ಷೇತ್ರ ಭೇಟಿಯಲ್ಲಿ ನಮ್ಮ ಅಜ್ಜ ಅಜ್ಜಿಯರು ಕಪಿಲೆ ಬಾವಿ, ಕೆರೆ, ಕೋಡಿಗಳ ಬಗ್ಗೆ ಕನ್ನಡದಲ್ಲಿ ಹೇಳಿದ್ದನ್ನು ಮಕ್ಕಳು ಬರೆದುಕೊಳ್ಳಲು ಅವಕಾಶವಿರಲಿ. ಅದಕ್ಕೆ ಬೇಕಾದ ಹಿರಿಯರ ಪಟ್ಟಿಯನ್ನು ಊರೂರಿನಿಂದ ಒದಗಿಸಲು ನಾವು ಸಿದ್ಧರಿದ್ದೇವೆ. ಬರುವ ಶಾಲಾ ವರ್ಷ ಆರಂಭವಾಗುವ ಮೊದಲೇ ನಮ್ಮನ್ನು ಕರೆಸಿ ಮಾತನಾಡಬೇಕಾಗಿ ಕೋರುತ್ತೇವೆ.

ಇಂತಿ ತಮ್ಮ ವಿಶ್ವಾಸಿಗಳು,
ಕೊಯಮತ್ತೂರು ಮತ್ತು ತಿರುಪ್ಪೂರು ಜಿಲ್ಲೆಗಳ ಕನ್ನಡ ಮನೆಮಾತಿನ ಪಾಲಕರು