ಊರೂರು ತಿರುಗುವವರ ಕೂಟ

ನಮ್ಮ ಗದಗ-ಬೆಟಗೇರಿಯಲ್ಲಿ ‘ಲಾಡ್ಜ್’ ಎಂದರೆ ಪರಸ್ಥಳದವನು ರಾತ್ರಿ ಕಳೆಯುವುದಕ್ಕೆ ಹಿಡಿಯುವ ಬಾಡಿಗೆಯ ಕೋಣೆ. ಹುಬ್ಬಳ್ಳಿಯಿಂದಲೋ ಬೆಂಗಳೂರಿನಿಂದಲೋ ಬಂದ ಸೇಲ್ಸ್‌ಮನ್ ಅಲ್ಲಿ ತನ್ನ ಚೀಲವನ್ನಿಳಿಸಿ, ಖಾನಾವಳಿಯಲ್ಲಿ ಎರಡು ರೊಟ್ಟಿ ತಿಂದು, ಮರುದಿನ ಮುಂಡರಗಿಗೆ ಹೋಗಬೇಕೋ ಶಿರಹಟ್ಟಿಗೆ ಹೋಗಬೇಕೋ ಎಂದು ಲೆಕ್ಕ ಹಾಕುತ್ತ ಮಲಗುತ್ತಾನೆ. ಅಮೇರಿಕೆಯಲ್ಲಿ ಇದೇ ಶಬ್ದಕ್ಕೆ ಇನ್ನೊಂದು ಅರ್ಥವುಂಟು. ಒಂದು ಕಸುಬಿನವರು ಅಣ್ಣತಮ್ಮಂದಿರಂತೆ ಕೂಡಿ, ಚಂದಾ ಹಾಕಿ, ಒಬ್ಬರ ಕಷ್ಟಕ್ಕೆ ಒಬ್ಬರು ಆಗುವ ಕೂಟಕ್ಕೂ ಅಲ್ಲಿ ಲಾಡ್ಜ್ ಎನ್ನುತ್ತಾರೆ. 1888ರಲ್ಲಿ ಓಹಾಯೋ ಪ್ರಾಂತದ ಕೊಲಂಬಸ್ ಪಟ್ಟಣದಲ್ಲಿ ಲೆವಿ ಪೀಸ್ ಎಂಬವನೂ ಅವನ ಕೆಲವರು ಜೊತೆಗಾರರೂ ಊರೂರು ತಿರುಗುವ ಸೇಲ್ಸ್‌ಮನ್ನರಿಗಾಗಿಯೇ ಇಂಥದೊಂದು ಕೂಟವನ್ನು ಕಟ್ಟಿದರು. ರೈಲಿನಲ್ಲಿ ಹಗಲುರಾತ್ರಿ ತಿರುಗುವವನಿಗೆ ಅಪಘಾತದ ಭಯ. ಕಾಲು ಮುರಿದರೆ ಮನೆಯಲ್ಲಿ ಒಲೆ ಹೊತ್ತದು. ಗಾಯವಾದವನಿಗೂ ಸತ್ತವನ ಹೆಂಡತಿ ಮಕ್ಕಳಿಗೂ ಹಣ ಮುಟ್ಟಿಸುವುದೇ ಆ ಕೂಟದ ಹುಟ್ಟಿಗೆ ಕಾರಣ. ಹನ್ನೊಂದು ವರುಷಗಳ ತರುವಾಯ, 1899ರಲ್ಲಿ, ಅದೇ ದೇಶದ ಬೇರೆ ಕೆಲವರು ಸೇಲ್ಸ್‌ಮನ್ನರು ಗಿಡಿಯನ್ ಸಂಘವನ್ನು ಸ್ಥಾಪಿಸಿದರು. ದೊಡ್ಡ ಹೋಟೆಲುಗಳ ಕೋಣೆಯಲ್ಲಿ ಬೈಬಲ್ ಇಡುವವರು ಇವರೇ. ದೇಹಕ್ಕೆ ವಿಮೆ ಒಬ್ಬರದು, ಆತ್ಮಕ್ಕೆ ವಿಮೆ ಇನ್ನೊಬ್ಬರದು ಎನ್ನೋಣ.

ಇದೆಲ್ಲ ಪರದೇಶದ ಮಾತು, ನಮಗೇಕೆ ಎಂದು ವಾಚಕರು ಪತ್ರಿಕೆಯನ್ನು ಮಡಚಬಾರದು. ಕೊಲಂಬಸ್ಸಿನವರು ಕೂಡುವುದಕ್ಕಿಂತ ಎಂಟುನೂರು ವರುಷ ಮೊದಲು ಇದೇ ನಮ್ಮ ಜಿಲ್ಲೆಯ ದಾರಿಗಳಲ್ಲಿ ತಿರುಗಿ ಮಾರುವವರ ಕೂಟವಿತ್ತು. ಗದಗಿನಿಂದ ಮುಂಡರಗಿಗೆ ಹೋಗುವ ಬಸ್ಸು ಡಂಬಳದಲ್ಲಿ ನಿಲ್ಲುತ್ತದೆ. ಹಳೆಯ ಕಾಲದಲ್ಲಿ ಈ ಊರಿಗೆ ಧರ್ಮವೊಳಲು ಎಂದು ಹೆಸರು. ಅಲ್ಲಿಯ ಶಾಸನವೊಂದನ್ನು ಫ್ಲೀಟ್ ಸಾಹೇಬರು 1881ರಲ್ಲಿ ಓದಿ ಅಚ್ಚು ಹಾಕಿಸಿದರು. ಆರನೆಯ ವಿಕ್ರಮಾದಿತ್ಯನ ಆಳಿಕೆಯಲ್ಲಿ, 1095ರಲ್ಲಿ, ಕಡೆಯಿಸಿದ ಶಾಸನವದು. ಧರ್ಮವೊಳಲಿನ ಹದಿನಾರು ಮಂದಿ ಸೆಟ್ಟಿಗಳು ಕೂಡಿ ಒಂದು ಬೌದ್ಧ ವಿಹಾರವನ್ನು ಕಟ್ಟಿಸಿದ ಸಂಗತಿ ಅದರಲ್ಲಿದೆ. ಲೊಕ್ಕಿಗುಂಡಿಯ, ಎಂದರೆ ನಮ್ಮ ಲಕ್ಕುಂಡಿಯ, ಸಂಗವಯ್ಯನೆಂಬ ಸೆಟ್ಟಿ ಇನ್ನೊಂದು ವಿಹಾರವನ್ನು ಕಟ್ಟಿಸಿದ್ದೂ ಇದೆ. ತಾರಾದೇವಿಯ ಪೂಜೆಗೂ ಭಿಕ್ಷುಗಳ ಅನ್ನವಸ್ತ್ರಕ್ಕೂ ದತ್ತಿಯ ಏರ್ಪಾಡಾಗಿದೆ. ಅದೇ ಶಾಸನವು ಅಯ್ಯಾವೊಳೆಯ ಐನೂರ್ವರು ಸ್ವಾಮಿಗಳನ್ನು ಹೊಗಳುತ್ತದೆ.

ಯಾರು ಈ ಐನೂರ್ವರು? ಅಯ್ಯಾವೊಳೆ ಎಂದರೆ ಬಾಗಲಕೋಟೆ ಜಿಲ್ಲೆಯ ಐಹೊಳೆ. ಆ ಊರಿನ ಹೆಸರು ಹೊತ್ತು ದಕ್ಷಿಣ ದೇಶವನ್ನೆಲ್ಲ ತಿರುಗಿದ ವರ್ತಕರ ಕೂಟಕ್ಕೆ ಐನೂರ್ವರು ಎಂದೂ ನಾನಾದೇಶಿಗಳು ಎಂದೂ ಹೆಸರು. ಬಳ್ಳಿಗಾವೆಯ ಕಡೆಯ ಹನ್ನೊಂದನೆಯ ಶತಮಾನದ ಶಾಸನವು ಇವರ ಮಾಲಿನ ಪಟ್ಟಿಯನ್ನೇ ಕೊಡುತ್ತದೆ: ಆನೆ, ಕುದುರೆ, ಮುತ್ತು, ಹವಳ, ಏಲಕ್ಕಿ, ಲವಂಗ, ಶ್ರೀಗಂಧ, ಕರ್ಪೂರ, ಕಸ್ತೂರಿ. ಸಗಟು ಮಾರುವವರೂ ಇವರೇ, ಹೆಗಲ ಮೇಲೆ ಹೊತ್ತು ಬೀದಿಬೀದಿ ಮಾರುವವರೂ ಇವರೇ ಎಂದು ಅದು ಹೇಳುತ್ತದೆ. ಕತ್ತೆ ಕೋಣಗಳ ಮೇಲೆ ಹೇರು ಹೇರಿ ನಡೆದದ್ದು ಒಂದು ಕಡೆಗಾದರೆ, ಹಡಗು ಹತ್ತಿದ್ದು ಇನ್ನೊಂದು ಕಡೆಗೆ. ಸುಮಾತ್ರಾ ದ್ವೀಪದ ಲೋಬು ತುವಾ ಎಂಬಲ್ಲಿ ಇವರ ಹೆಸರಿನ ತಮಿಳು ಶಾಸನವು 1088ರದು. ಡಂಬಳದ ಕಲ್ಲಿಗಿಂತ ಏಳೇ ವರುಷ ಹಿಂದಿನದು.

ಇವರ ಬಲದ ಗುಟ್ಟು ಯಾವುದೆಂದು ನಾವು ವಿಚಾರಿಸಬೇಕು. ಮಾಲು ಎಲ್ಲರಲ್ಲೂ ಇರುತ್ತದೆ, ದುಡ್ಡು ಕೆಲವರಲ್ಲಿರುತ್ತದೆ. ಐನೂರ್ವರಲ್ಲಿದ್ದದ್ದು ಶಿಸ್ತು. ‘ವೀರ ಬಣಂಜು ಧರ್ಮ’ವೆಂದು ತಮ್ಮದೇ ಕಟ್ಟಳೆಯನ್ನು ಅವರು ಮಾಡಿಕೊಂಡಿದ್ದರು. ಹೇರಿಗೆ ಇಷ್ಟು, ಬಂಡಿಗೆ ಇಷ್ಟು ಎಂದು ತಮ್ಮ ಮೇಲೆ ತಾವೇ ಆಯ ಹಾಕಿಕೊಂಡು ಗುಡಿಗೆ, ಕೆರೆಗೆ, ಛತ್ರಕ್ಕೆ ಕೊಟ್ಟದ್ದನ್ನು ಎಷ್ಟೋ ಶಾಸನಗಳು ಹೇಳುತ್ತವೆ. ದಾರಿಯಲ್ಲಿ ಕಳ್ಳರ ಕಾಟಕ್ಕೆ ಕಾವಲಿನ ಪಡೆಯೂ ಜೊತೆಗಿತ್ತು. ಮುಮ್ಮುರಿದಂಡವೆಂದು ಶಾಸನಗಳಲ್ಲಿ ಬರುವವರು ಇಂಥವರೇ ಎಂದು ಇತಿಹಾಸಕಾರರ ಅಭಿಪ್ರಾಯ. ಇನ್ನೊಂದು ಮಾತು ಇಂದಿನವರು ಕಿವಿಗೊಟ್ಟು ಕೇಳಬೇಕಾದದ್ದು. ಈ ಕೂಟದಲ್ಲಿ ಶೈವನಿದ್ದ, ಜೈನನಿದ್ದ, ವೈಷ್ಣವನಿದ್ದ. ಡಂಬಳದಲ್ಲಿ ಬೌದ್ಧ ವಿಹಾರಕ್ಕೆ ಹಣ ಕೊಟ್ಟವರಿದ್ದರು. ದೇವರು ಬೇರೆಯಾದರೂ ಧಾರಣಿ ಒಂದೇ ಎಂಬ ವ್ಯವಹಾರದ ಬುದ್ಧಿ ಅವರಿಗಿತ್ತು.

ಲಕ್ಷ್ಮೇಶ್ವರದ ಕಡೆಗೆ ಬಂದರೆ ಕಥೆ ಇನ್ನೂ ಹಳೆಯದು. ಆಗಿನ ಪೊರಿಗೆರೆಗೆ ಬಾದಾಮಿ ಚಾಲುಕ್ಯರ ಯುವರಾಜ ವಿಕ್ರಮಾದಿತ್ಯನು ಸುಮಾರು 725ರಲ್ಲಿ ಒಂದು ವ್ಯವಸ್ಥೆಯನ್ನು ಬರೆಸಿಕೊಟ್ಟನು. ರಾಜಪುರುಷರು ಊರವರಿಗೆ ಏನನ್ನು ಕಾಯ್ದುಕೊಡಬೇಕು, ಊರವರು ಏನು ತೆರಬೇಕು ಎಂಬುದನ್ನು ಅದರಲ್ಲಿ ಎರಡೂ ಕಡೆಗೆ ಬಿಡಿಸಿ ಹೇಳಿದೆ. ಮನೆತನದ ಯೋಗ್ಯತೆ ನೋಡಿ ತೆರಿಗೆ. ಉಳ್ಳವನಿಗೆ ಹೆಚ್ಚು, ಇಲ್ಲದವನಿಗೆ ಕಡಿಮೆ. ಕೆಲವು ದಂಡಗಳೂ ತೆರಿಗೆಗಳೂ ಅಲ್ಲಿಯ ಶ್ರೇಣಿಗೇ, ಎಂದರೆ ಕಸುಬಿನವರ ಸಂಘಕ್ಕೇ, ಸಲ್ಲಬೇಕು. ಮಹಾಜನರ ಜೊತೆಗೆ ಹದಿನೆಂಟು ಪ್ರಕೃತಿಗಳೂ, ನಾನಾ ಕಸುಬಿನ ಜನವೂ, ಅದರಲ್ಲಿ ಪಾಲುದಾರರು. ಇಂದಿನ ಜಿ.ಎಸ್.ಟಿ.ಯಲ್ಲಿ ಸಾಬೂನಿನ ಬಿಲ್ಲೆಗೆ ಗಿರಣಿಯ ಮಾಲಕನೂ ಗಿರಣಿಯ ಹಮಾಲನೂ ಒಂದೇ ದರದ ತೆರಿಗೆ ಕೊಡುತ್ತಾರೆಂಬುದನ್ನು ನೆನೆದರೆ, 725ರ ಆ ಕಲ್ಲು ನಮಗೆ ಅಷ್ಟೇನೂ ಹಳೆಯದಾಗಿ ಕಾಣುವುದಿಲ್ಲ. ಇದೇ ಪುಲಿಗೆರೆಗೆ ಸೌರಾಷ್ಟ್ರದಿಂದ ವ್ಯಾಪಾರಕ್ಕೆಂದು ಬಂದ ಆದಯ್ಯನು ಇಲ್ಲಿಯ ಪದ್ಮಾವತಿಯನ್ನು ಮದುವೆಯಾಗಿ ಇಲ್ಲಿಯವನೇ ಆಗಿಬಿಟ್ಟನು. ಹರಿಹರ ಕವಿ ಅವನ ಮೇಲೆ ರಗಳೆಯನ್ನೇ ಬರೆದಿದ್ದಾನೆ. ಮಾಲು ಮಾರಲು ಬಂದವನು ಶರಣನಾಗಿ, ವಚನಕಾರನಾಗಿ ಉಳಿದನು. ತಿರುಗುವವನನ್ನು ಪರಕೀಯನೆಂದು ಕಾಣದ ಊರುಗಳಿವು.

ಹಾಗೆಂದು ನಾವು ಐನೂರ್ವರ ಭಾಟರಾಗಲು ಕುಳಿತಿಲ್ಲ. ಶಾಸನದಲ್ಲಿ ಸೆಟ್ಟಿಯ ಹೆಸರಿದೆ, ಹೇರು ಹೊತ್ತವನ ಹೆಸರಿಲ್ಲ. ಕೋಣ ಹೊಡೆದವನಾರು, ರಾತ್ರಿ ಮುಕ್ಕಾಮಿನಲ್ಲಿ ಎಚ್ಚರವಿದ್ದವನಾರು, ಮಾರಿದ ಬಟ್ಟೆಯನ್ನು ನೇಯ್ದವನಾರು? ದತ್ತಿಯ ಪುಣ್ಯ ಸೆಟ್ಟಿಗೆ ಬಂತು. ಬೆವರಿನ ಲೆಕ್ಕ ಯಾವ ಕಲ್ಲಿನ ಮೇಲೂ ಇಲ್ಲ. ಎಣ್ಣೆಯವರಿಗೆ, ನೇಕಾರರಿಗೆ ತಮ್ಮ ತಮ್ಮ ಸಂಘಗಳಿದ್ದವು ನಿಜ. ಆದರೆ ದೊಡ್ಡ ವ್ಯವಹಾರಿಯ ಕೈ ಯಾವಾಗಲೂ ಮೇಲೆಯೇ ಇತ್ತು. ಶ್ರಮಜೀವಿಯನ್ನು ಹೊರಗಿಟ್ಟ ಕೂಟಕ್ಕೆ ರಾಜಾಶ್ರಯವೂ ದೊಡ್ಡ ಊರಿನ ಪೇಟೆಯೂ ಆಧಾರ. ಅವು ಕುಸಿದಾಗ ಅದೂ ಕುಸಿಯಿತು. ವಿಜಯನಗರದ ಕಾಲಕ್ಕೆ ಐನೂರ್ವರ ಹೆಸರು ವಿರಳವಾಗುತ್ತ ಬಂದು, ಹದಿನೇಳನೆಯ ಶತಮಾನದ ತರುವಾಯ ಕೇಳಿಸದಂತಾಯಿತು. ಕೆಟ್ಟದ್ದೆಂದರೆ, ಕೂಟ ಹೋದರೂ ಹೆಸರು ಉಳಿದು, ಕಸುಬಿನ ಹೆಸರೇ ಜಾತಿಯ ಹೆಸರಾಯಿತು. ನಾನಾ ದೇಶದ, ನಾನಾ ಮತದ ಜನ ಸೇರಿದ್ದ ಪಂಗಡ ಹುಟ್ಟಿನಿಂದ ಮಾತ್ರ ಸೇರಬಹುದಾದ ಗುಂಪುಗಳಾಗಿ ಒಡೆಯಿತು. ಇಂದು ವರ್ತಕರ ಸಭೆ ಕೂಡಿದಾಗ ಮಾಲಿನ ಮಾತಿಗಿಂತ ಮೊದಲು ಕುಲದ ಮಾತು ಬರುವ ಚಾಳಿಗೆ ಇದೇ ಬೇರು.

1884ರಲ್ಲಿ ಗದಗಿಗೆ ರೈಲು ಬಂದ ಮೇಲೆ ತಿರುಗುವ ವ್ಯಾಪಾರಿ ಹೊಸ ವೇಷದಲ್ಲಿ ಬಂದನು. ಹತ್ತಿ ಇಲ್ಲಿಂದ ಮುಂಬಯಿಗೆ ಹೋಯಿತು, ಕಂಪನಿಗಳ ಮಾಲು ಅಲ್ಲಿಂದ ಇಲ್ಲಿಗೆ ಬಂತು. ಆಗ ಗದಗ, ಬೆಟಗೇರಿ, ಮುಂಡರಗಿ ಇಂಗ್ರೇಜರ ಧಾರವಾಡ ಜಿಲ್ಲೆಯಲ್ಲಿ. ಶಿರಹಟ್ಟಿ ಸಾಂಗಲಿ ಸಂಸ್ಥಾನದಲ್ಲಿ. ಲಕ್ಷ್ಮೇಶ್ವರ ಮಿರಜ ಸಂಸ್ಥಾನದಲ್ಲಿ. ಒಂದು ದಿನದ ಹಾದಿಯಲ್ಲಿ ಮೂರು ದೊರೆತನ. 1948ರಲ್ಲಿ ಸಂಸ್ಥಾನಗಳು ವಿಲೀನವಾಗಿ ಈ ತೊಡಕು ತೀರಿತು. ಕೂಡಿ ಬಾಳುವ ಹೊಸ ಮಾದರಿಯೂ ಈ ನೆಲದಲ್ಲಿಯೇ ಹುಟ್ಟಿದ್ದು: 1905ರಲ್ಲಿ ಗದಗದ ಸಮೀಪದ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ರೈತರ ಸಹಕಾರಿ ಪತ್ತಿನ ಸಂಘ ಕಟ್ಟಿದರು. ರೈತನಿಗೆ ಸಂಘ ಬಂತು, ನೇಕಾರನಿಗೆ ಬಂತು, ಗಿರಣಿಯವನಿಗೆ ಯೂನಿಯನ್ ಬಂತು. ಚೀಲ ಹೊತ್ತು ತಿರುಗುವ ಸೇಲ್ಸ್‌ಮನ್ ಮಾತ್ರ ಒಂಟಿಯಾಗಿಯೇ ಉಳಿದನು.

ಏಕೆ? ಅವನು ತನ್ನನ್ನು ಕೆಲಸಗಾರನೆಂದು ತಿಳಿಯಲಿಲ್ಲ, ಕಾಯದೆಯೂ ತಿಳಿಯಲಿಲ್ಲ. ಔಷಧ ಕಂಪನಿಯೊಂದರ ಪ್ರಕರಣದಲ್ಲಿ 1961ರಲ್ಲಿ ಸುಪ್ರೀಂ ಕೋರ್ಟು, ಮಾರಾಟಕ್ಕಾಗಿ ಮನವೊಲಿಸುವುದೇ ಪ್ರತಿನಿಧಿಯ ಮುಖ್ಯ ಕೆಲಸ, ಅದು ಕೈಕೆಲಸವೂ ಅಲ್ಲ ಕಾರಕೂನಿಕೆಯೂ ಅಲ್ಲ, ಆದ್ದರಿಂದ ಅವನು ಕಾಯದೆಯ ಅರ್ಥದಲ್ಲಿ ಕೆಲಸಗಾರನಲ್ಲ ಎಂದಿತು. ಬೆಳಗಿನಿಂದ ಹತ್ತು ಅಂಗಡಿ, ಆರು ದವಾಖಾನೆ ಹತ್ತಿ ಇಳಿದವನ ಕಾಲುನೋವು ಕೋರ್ಟಿನ ಕಾಗದದಲ್ಲಿ ಹಿಡಿಯಲಿಲ್ಲ. 1963ರಲ್ಲಿ ಹೈದರಾಬಾದಿನಲ್ಲಿ ಔಷಧ ಮತ್ತು ಮಾರಾಟ ಪ್ರತಿನಿಧಿಗಳ ಅಖಿಲ ಭಾರತ ಒಕ್ಕೂಟವು ಹುಟ್ಟಿದ ಮೇಲೆ ಗಾಳಿ ತಿರುಗಿತು. ಹೋರಾಟ ನಡೆಯಿತು, ಅರ್ಜಿ ಹೋಯಿತು, ರಾಜ್ಯಸಭೆಯ ಅರ್ಜಿ ಸಮಿತಿ 1972ರಲ್ಲಿ ವರದಿ ಕೊಟ್ಟಿತು. 1976ರಲ್ಲಿ ಮಾರಾಟ ಪ್ರಚಾರ ನೌಕರರ ಕಾಯದೆ ಬಂತು. ನೇಮಕದ ಪತ್ರ, ಗಳಿಕೆಯ ರಜೆ, ಬೇನೆಯ ರಜೆ, ಕೈಬಿಟ್ಟರೆ ಕೇಳುವ ಹಕ್ಕು ದೊರೆತವು. ಆದರೆ ಆ ಕಾಯದೆ ಮೊದಲು ಔಷಧದವರಿಗಷ್ಟೇ. ಸಾಬೂನು, ಬಿಸ್ಕೀಟು, ತಂಪು ಪಾನೀಯ, ಸಿದ್ಧ ಉಡುಪು, ಬಣ್ಣ ಮೊದಲಾದವನ್ನು ಮಾರುವವರಿಗೆ ಅದನ್ನು ಹರಡಿದ್ದು 2011ರಲ್ಲಿ. ಔಷಧದ ಚೀಲಕ್ಕೂ ಬಿಸ್ಕೀಟಿನ ಚೀಲಕ್ಕೂ ನಡುವೆ ಸರಕಾರಕ್ಕೆ ಮೂವತ್ತೈದು ವರುಷಗಳ ಅಂತರ ಕಂಡಿತು!

ಈಗ 2020ರ ಕಾರ್ಮಿಕ ಸಂಹಿತೆಗಳು 2025ರ ನವೆಂಬರ್ 21ರಿಂದ ಜಾರಿಗೆ ಬಂದಿವೆ. 1976ರ ಕಾಯದೆ ಅವುಗಳಲ್ಲಿ ಕರಗಿಹೋಗಿದೆ. ಮಾರಾಟ ಪ್ರಚಾರ ನೌಕರನನ್ನು ಹೊಸ ಸಂಹಿತೆಯೂ ಕೆಲಸಗಾರನೆಂದೇ ಕರೆಯುತ್ತದೆ, ಅಷ್ಟರ ಮಟ್ಟಿಗೆ ಒಳ್ಳೆಯದು. ಆದರೆ ಗೊತ್ತಾದ ಅವಧಿಯ ನೌಕರಿಗೆ ಅದು ಬಾಗಿಲು ತೆರೆದಿದೆ. ಮುಷ್ಕರಕ್ಕೆ ಎಲ್ಲ ಕೈಗಾರಿಕೆಗಳಲ್ಲಿಯೂ ಹದಿನಾಲ್ಕು ದಿನಗಳ ನೋಟೀಸು ಕಡ್ಡಾಯ ಮಾಡಿದೆ. ಅರ್ಧಕ್ಕಿಂತ ಕಡಿಮೆಯಿಲ್ಲದ ಜನ ಒಟ್ಟಿಗೆ ರಜೆ ಹಾಕಿದರೆ ಅದನ್ನೂ ಮುಷ್ಕರವೆಂದು ಎಣಿಸುತ್ತದೆ. ಒಂಟಿಯಾಗಿರುವವನಿಗೆ ಈ ಕಟ್ಟು ಬಿಗಿಯೋ ಸಡಿಲವೋ ತಿಳಿಯುವುದೇ ಇಲ್ಲ. ಕೂಡಿದವನಿಗೆ ಮಾತ್ರ ತಿಳಿಯುತ್ತದೆ.

ಕಿರುಕುಳ ವ್ಯಾಪಾರಿಗಳಿಗೆ ಇದರಲ್ಲೇನು ಸಂಬಂಧವೆಂದು ಕೇಳಬಹುದು. ಸಂಬಂಧ ಅವರ ಕಪಾಟಿನಲ್ಲಿಯೇ ಇದೆ. ತಿಂಗಳ ಕೊನೆಗೆ ಟಾರ್ಗೆಟ್ ತುಂಬದ ಸೇಲ್ಸ್‌ಮನ್ ಕೈ ಮುಗಿದು, ‘ಅಣ್ಣಾರ, ಇನ್ನ ಎರಡ ಪೆಟ್ಟಿಗಿ ಇಳಸಕೊಳ್ರಿ, ರೊಕ್ಕ ಮುಂದಿನ ವಾರ ಕೊಡ್ರಿ’ ಎನ್ನುತ್ತಾನೆ. ಅಂಗಡಿಕಾರನು ದಾಕ್ಷಿಣ್ಯಕ್ಕೆ ಇಳಿಸಿಕೊಳ್ಳುತ್ತಾನೆ. ಮಾಲು ಖರ್ಚಾಗುವುದಿಲ್ಲ, ಉದ್ರಿ ಬೆಳೆಯುತ್ತದೆ, ತಾರೀಖು ಮುಗಿಯುತ್ತದೆ. ಆಮೇಲೆ ಇವನು ಅವನನ್ನು ಬೈಯುತ್ತಾನೆ, ಅವನು ಇವನ ಮುಂದೆ ತಲೆ ತಗ್ಗಿಸುತ್ತಾನೆ. ಟಾರ್ಗೆಟ್ ಬರೆದವನು ದೂರದ ಕಚೇರಿಯಲ್ಲಿ ತಣ್ಣಗೆ ಕುಳಿತಿರುತ್ತಾನೆ. ಆ ಸೇಲ್ಸ್‌ಮನ್ನನ ಪಗಾರ ಎಷ್ಟೋ ಸಲ ಕಂಪನಿಯದೂ ಅಲ್ಲ, ಏಜೆನ್ಸಿಯವನದು; ಜವಾಬ್ದಾರಿ ಕೇಳಿದರೆ ಇಬ್ಬರೂ ಒಬ್ಬರನ್ನೊಬ್ಬರು ತೋರಿಸುತ್ತಾರೆ. ಈಗಂತೂ ಅಂಗಡಿಕಾರನು ಮೊಬೈಲಿನಲ್ಲಿಯೇ ಕಂಪನಿಗೆ ಆರ್ಡರು ಕೊಡುವ ಏರ್ಪಾಡು ಬಂದಿದೆ. ಇಂದು ಸೇಲ್ಸ್‌ಮನ್ನನನ್ನು ದಾಟಿದ ಕಂಪನಿ ನಾಳೆ ಅಂಗಡಿಯನ್ನೂ ದಾಟಿ ಗಿರಾಕಿಯ ಮನೆಯ ಬಾಗಿಲು ತಟ್ಟುವುದು; ದೊಡ್ಡ ಶಹರುಗಳಲ್ಲಿ ತಟ್ಟಿಯಾಗಿದೆ. ಹಾಗೆ ಮನೆಮನೆಗೆ ಮಾಲು ಹೊರುವ ಹುಡುಗರಿಗಾಗಿ ಕರ್ನಾಟಕ ಸರಕಾರ 2025ರಲ್ಲಿ ಒಂದು ಕಾಯದೆ ಮಾಡಿ, ಪ್ರತಿ ವ್ಯವಹಾರದ ಮೇಲೆ ಕಂಪನಿಗಳಿಂದ ಶೇಕಡಾ 1ರಿಂದ 5ರ ವರೆಗೆ ವಂತಿಗೆ ವಸೂಲು ಮಾಡುವ ಅಧಿಕಾರ ಇಟ್ಟುಕೊಂಡಿದೆ. ಹೇರಿಗೆ ಇಷ್ಟು, ಬಂಡಿಗೆ ಇಷ್ಟು ಎಂಬ ಹಳೆಯ ಆಯವೇ ಇದು, ಆದರೆ ಹೊತ್ತವನ ಹೆಸರಿಗೆ ಮೊದಲ ಬಾರಿ ಜಮೆಯಾಗಬೇಕಾದದ್ದು. ಜಮೆಯಾಗುತ್ತದೆಯೇ ಎಂದು ನೋಡಿಕೊಳ್ಳುವವರು ಬೇಕು.

ಬೀದಿ ವ್ಯಾಪಾರಿಗಳ 2014ರ ಕಾಯದೆಯ ಪ್ರಕಾರ ಪಟ್ಟಣ ವ್ಯಾಪಾರ ಸಮಿತಿಯಲ್ಲಿ ಶೇಕಡಾ 40ಕ್ಕೆ ಕಡಿಮೆಯಿಲ್ಲದಷ್ಟು ಜನ ಬೀದಿ ವ್ಯಾಪಾರಿಗಳೇ ಆರಿಸಿ ಕಳಿಸಿದವರಾಗಿರಬೇಕು. ಅವರಲ್ಲಿ ಮೂರನೆಯ ಒಂದು ಪಾಲು ಹೆಣ್ಣುಮಕ್ಕಳು. ತಲೆಯ ಮೇಲೆ ಬುಟ್ಟಿ ಹೊತ್ತು ತಿರುಗುವ ನಮ್ಮ ಅಕ್ಕತಂಗಿಯರಲ್ಲಿ ಎಷ್ಟು ಜನರಿಗೆ ಇದು ಗೊತ್ತು? ನಮ್ಮ ವಾಚಕರು ಗದಗ-ಬೆಟಗೇರಿ ನಗರಸಭೆಗೂ, ಲಕ್ಷ್ಮೇಶ್ವರ, ಮುಂಡರಗಿ, ಶಿರಹಟ್ಟಿಗಳ ಊರಾಡಳಿತಕ್ಕೂ ಹೋಗಿ ಸಮಿತಿಯ ಯಾದಿಯನ್ನು ಕೇಳಿ ಪಡೆಯಬೇಕು. ಅದರಲ್ಲಿ ವ್ಯಾಪಾರಿಗಳ ಪೈಕಿ ಯಾರಿದ್ದಾರೆ, ಅವರನ್ನು ಯಾವಾಗ ಆರಿಸಲಾಯಿತು ಎಂದು ಬರೆಸಿಕೊಳ್ಳಬೇಕು.

ಗಿರಣಿ ಕಾಮಗಾರ ಬಂಧುಗಳಲ್ಲಿ ನಮ್ಮ ಬೇಡಿಕೆ ಚಿಕ್ಕದು. ಟೈ ಕಟ್ಟಿಕೊಂಡವನೆಂದು ಸೇಲ್ಸ್‌ಮನ್ನನನ್ನು ಸಾಹೇಬರ ಸಾಲಿಗೆ ಸೇರಿಸಬೇಡಿರಿ. ನೀವು ನೂತದ್ದನ್ನು, ನೀವು ಗಾಣದಿಂದ ತೆಗೆದದ್ದನ್ನು ಮಾರುವವನು ಅವನು. ಅವನ ಟಾರ್ಗೆಟ್ಟೂ ನಿಮ್ಮ ಪಾಳಿಯೂ ಒಂದೇ ಲೆಕ್ಕದ ಪುಸ್ತಕದಿಂದ ಹುಟ್ಟಿದವು. ಯೂನಿಯನ್ ಕಚೇರಿಯಲ್ಲಿ ವಾರಕ್ಕೊಂದು ಸಂಜೆ ತಿರುಗುವವರಿಗಾಗಿ ಬಾಗಿಲು ತೆಗೆದಿಡಿರಿ. ನೇಮಕದ ಪತ್ರ ಇಲ್ಲದವನಿಗೆ ಅರ್ಜಿ ಬರೆದುಕೊಡಿರಿ. ದಾರಿಯಲ್ಲಿ ಮೋಟಾರ್ ಸೈಕಲ್ಲಿನಿಂದ ಬಿದ್ದವನ ಮನೆಗೆ ಸುದ್ದಿ ಮುಟ್ಟಿಸುವುದಕ್ಕೂ ಒಂದು ವಾರದ ಖರ್ಚು ಕಳಿಸುವುದಕ್ಕೂ ಸಣ್ಣದೊಂದು ನಿಧಿ ಇರಲಿ. ಸೇರುವವನ ಕಸುಬನ್ನು ಕೇಳಿರಿ, ಕುಲವನ್ನು ಕೇಳಬೇಡಿರಿ. ಕಿರುಕುಳ ವ್ಯಾಪಾರಿಗಳೂ ಅದಕ್ಕೆ ಅಂಗಡಿಗೆ ಇಷ್ಟೆಂದು ವಂತಿಗೆ ಹಾಕಲಿ. ಜಮಾಖರ್ಚನ್ನು ಪ್ರತಿ ತಿಂಗಳು ಕಚೇರಿಯ ಗೋಡೆಗೆ ಹಚ್ಚಬೇಕು, ಹಚ್ಚಿದ ಹಾಳೆಯ ಒಂದು ಪ್ರತಿ ನಮಗೆ ಬಂದರೆ ಈ ಪತ್ರಿಕೆಯಲ್ಲಿ ಪುಕ್ಕಟೆ ಅಚ್ಚು ಹಾಕುತ್ತೇವೆ.