ಗಡಿಯಲ್ಲಿ ತಡೆದ ಪತ್ರಿಕೆ

ಪರಕೀಯ ಸರಕಾರವು ತೊಲಗಿದೊಡನೆ ಅದು ವೃತ್ತಪತ್ರಿಕೆಗಳಿಗೆ ಒಡ್ಡಿದ್ದ ಬಲೆಯೂ ತಾನಾಗಿಯೇ ಹರಿದುಹೋಗುವುದೆಂದು ನಂಬಿದ ದೇಶಭಕ್ತರು ಬಹು ಮಂದಿ. ಆದದ್ದೇನು? ರಾಜ್ಯಘಟನೆಯು 1950ರ ಜನವರಿ 26ರಂದು ಜಾರಿಗೆ ಬಂದಿತು. ಮಾರ್ಚ್ 1ರಂದೇ ಮದರಾಸು ಸರಕಾರವು, ಮುಂಬಯಿಯಲ್ಲಿ ಅಚ್ಚಾಗುತ್ತಿದ್ದ ‘ಕ್ರಾಸ್ ರೋಡ್ಸ್’ ಎಂಬ ವಾರಪತ್ರಿಕೆಯು ತನ್ನ ಸೀಮೆಯೊಳಗೆ ಕಾಲಿಡಕೂಡದೆಂದು ಅಪ್ಪಣೆ ಹೊರಡಿಸಿತು. ಮಂಗಳೂರು, ಬಳ್ಳಾರಿಗಳು ಅಂದು ಮದರಾಸಿನ ಆಳಿಕೆಯಲ್ಲಿದ್ದುವು. ಧಾರವಾಡವು ಮುಂಬಯಿಗೆ ಸೇರಿತ್ತು. ಆ ಅಪ್ಪಣೆಯು ಬಳ್ಳಾರಿಯ ಕನ್ನಡಿಗನನ್ನು ಕಟ್ಟಿತು, ಧಾರವಾಡದ ಕನ್ನಡಿಗನನ್ನು ಕಟ್ಟಲಿಲ್ಲ! ಒಡೆದ ನಾಡಿನ ಪಾಡು ಅದು.

ಸಂಪಾದಕರಾದ ರೋಮೇಶ ಥಾಪರರು ನೇರವಾಗಿ ಸರ್ವೋಚ್ಚ ನ್ಯಾಯಾಲಯದ ಮೆಟ್ಟಲೇರಿದರು. ಸಾರ್ವಜನಿಕ ಶಾಂತಿಯ ಹೆಸರು ಹೇಳಿದ ಮಾತ್ರಕ್ಕೆ ಪತ್ರಿಕೆಯನ್ನು ತಡೆಯಲಾಗದು, ರಾಜ್ಯದ ಭದ್ರತೆಗೇ ಕುಂದು ಬರುವಂತಿರಬೇಕು ಎಂದು ಮೇ 26ರಂದು ತೀರ್ಪಾಯಿತು. ಬರಹವನ್ನು ಅಚ್ಚಿಗೆ ಮುನ್ನ ಅಧಿಕಾರಿಗೆ ಒಪ್ಪಿಸಬೇಕೆಂದು ದಿಲ್ಲಿಯ ‘ಆರ್ಗನೈಸರ್’ ಮೇಲೆ ಹೇರಿದ್ದ ಅಪ್ಪಣೆಯೂ ಅದೇ ದಿನ ಬಿದ್ದುಹೋಯಿತು. ಒಂದು ಎಡಪಂಥದ ಪತ್ರಿಕೆ, ಇನ್ನೊಂದು ಬಲಪಂಥದ್ದು. ನ್ಯಾಯಪೀಠವು ಬಣ್ಣ ನೋಡಲಿಲ್ಲವೆಂಬುದನ್ನು ವಾಚಕರು ಗಮನಿಸಬೇಕು.

ಸೋತ ಸರಕಾರವು ಸುಮ್ಮನಿರಲಿಲ್ಲ. ಮೊದಲನೆಯ ಸಾರ್ವತ್ರಿಕ ಚುನಾವಣೆಗೂ ಮುನ್ನವೇ, 1951ರ ಜೂನ್ ತಿಂಗಳಲ್ಲಿ, ತಾತ್ಕಾಲಿಕ ಸಂಸತ್ತಿನಿಂದ ರಾಜ್ಯಘಟನೆಯನ್ನೇ ತಿದ್ದಿಸಿ, ನಿರ್ಬಂಧಕ್ಕೆ ‘ಸಾರ್ವಜನಿಕ ಶಾಂತಿ’ಯೂ ಒಂದು ಕಾರಣವೆಂದು ಸೇರಿಸಿತು. ಪಗಡೆಯಲ್ಲಿ ಸೋತವನು ಹಾಸನ್ನೇ ಬದಲಿಸಿದಂತೆ! ಆದರೆ ಅದೇ ತಿದ್ದುಪಡಿಯಲ್ಲಿ, ನಿರ್ಬಂಧವು ‘ಯುಕ್ತ’ವಾಗಿರಬೇಕೆಂಬ ಒಂದು ಪದವೂ ಒಳಸೇರಿತು. ವಕೀಲನಾದ ನನಗೆ ಆ ಪದವೇ ಮುಖ್ಯ. ಅದರ ದೆಸೆಯಿಂದ, ನಿರ್ಬಂಧವು ತಕ್ಕುದೋ ಅಲ್ಲವೋ ಎಂದು ತೂಗುವ ತಕ್ಕಡಿಯು ಮಂತ್ರಿಯ ವಶವಾಗದೆ ನ್ಯಾಯಾಧೀಶನ ಕೈಯಲ್ಲಿ ಉಳಿಯಿತು; ಇಂದಿಗೂ ಅಲ್ಲಿಯೇ ಇದೆ.